‘ಕ್ಷೇಮವೇ?’ ಎಂದು ಕೇಳುವ ಶಾಸ್ತ್ರ

“ಉಭಯಕುಶಲೋಪರಿ ಸಾಂಪ್ರತ. ಇಲ್ಲಿ ನಾವೆಲ್ಲರೂ ಕ್ಷೇಮ. ನಿಮ್ಮ ಕ್ಷೇಮಸಮಾಚಾರಕ್ಕೆ ಆಗಾಗ್ಗೆ ಕಾಗದ ಬರೆಯುತ್ತಿರಬೇಕು.” ಕನ್ನಡನಾಡಿನ ಮನೆಗಳಲ್ಲಿ ತಂತಿಯ ಕೊಕ್ಕೆಗೆ ಚುಚ್ಚಿಟ್ಟ ಹಳೆಯ ಕಾಗದಗಳನ್ನು ತೆಗೆದು ಓದಿದವರಿಗೆ ಈ ಒಕ್ಕಣೆ ಹೊಸತಲ್ಲ. ಆದರೆ ಅದೇ ಕಾಗದದ ನಾಲ್ಕನೆಯ ಸಾಲಿಗೆ ಬರುವಷ್ಟರಲ್ಲಿ ಅತ್ತೆಯವರ ಮಂಡಿನೋವು ಹೆಚ್ಚಾಗಿರುವುದೂ, ಮಳೆ ಕೈಕೊಟ್ಟಿರುವುದೂ, ಕಿರಿಯವಳ ಮದುವೆಯ ಮಾತುಕತೆ ಮುರಿದುಬಿದ್ದಿರುವುದೂ ಒಂದೊಂದಾಗಿ ಹೊರಬೀಳುತ್ತವೆ.

ಹಾಗಾದರೆ ಮೊದಲ ಸಾಲು ಸುಳ್ಳೇ? ಸುಳ್ಳೆನ್ನುವಂತಿಲ್ಲ. ಸೌಜನ್ಯ, ಅಭ್ಯಾಸ, ಒಂದಿಷ್ಟು ಧೈರ್ಯ ಎಲ್ಲವೂ ಸೇರಿ ಆಡಿಸಿದ ಮಾತು ಅದು. ಆದರೆ ಆ ಒಂದು ಸಾಲನ್ನೇ ನಂಬಿ ಕಾಗದವನ್ನು ಮಡಿಸಿಟ್ಟವನಿಗೆ ಆ ಮನೆಯ ನಿಜಸ್ಥಿತಿ ತಿಳಿದಂತಾಗಲಿಲ್ಲ.

ಮನುಷ್ಯನ ಬಾಳು ಎಷ್ಟು ಚೆನ್ನಾಗಿದೆ ಎಂಬುದನ್ನು ಅಳೆಯಹೊರಟ ಅರ್ಥಶಾಸ್ತ್ರಜ್ಞರೂ ಮನೋವಿಜ್ಞಾನಿಗಳೂ ವೈದ್ಯರೂ ಬಹುಕಾಲದಿಂದ ಎದುರಿಸುತ್ತಿರುವ ತೊಡಕು ಇದೇ. ಅವನನ್ನೇ ಕೇಳಿ ತಿಳಿಯಬೇಕೆ, ಅಥವಾ ಅವನ ಊಟ, ಮನೆ, ಆಯುಸ್ಸು, ಓದು ಇವುಗಳನ್ನು ಹೊರಗಿನಿಂದ ನೋಡಿ ನಿರ್ಧರಿಸಬೇಕೆ? ಕಿವಿಯನ್ನು ನಂಬಬೇಕೆ, ಕಣ್ಣನ್ನು ನಂಬಬೇಕೆ? ಇದು ಪಂಡಿತರ ವಾದವಿವಾದವೆಂದು ತಳ್ಳಿಹಾಕುವ ಪ್ರಶ್ನೆಯಲ್ಲ. ಯಾವುದು ಲೆಕ್ಕಕ್ಕೆ ಸಿಗುತ್ತದೆಯೋ ಅದಕ್ಕೆ ಸರಕಾರದ ಹಣ ಸಿಗುತ್ತದೆ. ಯಾರ ಕಷ್ಟ ಲೆಕ್ಕಕ್ಕೆ ಬಾರದೋ ಅವರು ಕಣ್ಣಿಗೂ ಬೀಳುವುದಿಲ್ಲ.

ಅಡಿಗೆಯವಳನ್ನು ಮದುವೆಯಾದರೆ

ದೇಶದ ಸುಖವನ್ನು ಅದರ ವರಮಾನದಿಂದ ಅಳೆಯುವುದು ಬಹುಕಾಲದ ವಾಡಿಕೆ. ಅಮೆರಿಕದ ಅರ್ಥಶಾಸ್ತ್ರಜ್ಞ ಸೈಮನ್ ಕುಜ್ನೆಟ್ಸ್ 1934ರಲ್ಲಿ ಅಲ್ಲಿನ ಸೆನೆಟ್ ಸಭೆಗೆ ರಾಷ್ಟ್ರೀಯ ವರಮಾನದ ಲೆಕ್ಕವನ್ನು ಒಪ್ಪಿಸಿದರು. ಮಹಾ ಆರ್ಥಿಕ ಮುಗ್ಗಟ್ಟಿನಿಂದ ದೇಶ ಎಷ್ಟು ಕುಗ್ಗಿದೆಯೆಂಬುದು ಅಂಕಿಗಳಲ್ಲಿ ಸ್ಪಷ್ಟವಾಗಿ ಕಂಡಿತು. ಆದರೆ ಲೆಕ್ಕ ಹಾಕಿದ ಕುಜ್ನೆಟ್ಸರೇ ಅದೇ ವರದಿಯಲ್ಲಿ ಎಚ್ಚರಿಕೆಯ ಮಾತನ್ನೂ ಸೇರಿಸಿದ್ದರು. ವರಮಾನದ ಅಳತೆಯಿಂದ ಜನರ ಯೋಗಕ್ಷೇಮವನ್ನು ಊಹಿಸುವುದು ಸಾಧ್ಯವಾಗದೆಂಬುದು ಅದರ ತಾತ್ಪರ್ಯ. ಅವರ ಅಂಕಿಗಳನ್ನು ಜಗತ್ತು ಎತ್ತಿಕೊಂಡಿತು, ಎಚ್ಚರಿಕೆಯನ್ನು ಮರೆಯಿತು.

ಈ ಲೆಕ್ಕದ ವಿಚಿತ್ರವನ್ನು ಕೇಂಬ್ರಿಜ್‌ನ ಅರ್ಥಶಾಸ್ತ್ರಜ್ಞ ಎ. ಸಿ. ಪಿಗೂ 1920ರಷ್ಟು ಹಿಂದೆಯೇ ತೋರಿಸಿಕೊಟ್ಟಿದ್ದರು. ಮನೆಯ ಅಡಿಗೆಯವಳನ್ನು ಯಜಮಾನನು ಮದುವೆಯಾದನೆನ್ನಿ. ಆ ದಿನದಿಂದ ದೇಶದ ವರಮಾನ ಅಷ್ಟರಮಟ್ಟಿಗೆ ಇಳಿಯುತ್ತದೆ! ಒಲೆ ಅದೇ, ಪಾತ್ರೆ ಅದೇ, ಹೊಗೆಯೂ ಅದೇ. ಆದರೆ ಹಿಂದೆ ಅವಳು ಸಂಬಳಕ್ಕೆ ದುಡಿಯುತ್ತಿದ್ದಳು, ಈಗ ಸಂಬಳವಿಲ್ಲದೆ ದುಡಿಯುತ್ತಾಳೆ. ಸಂಬಳವಿಲ್ಲದ ದುಡಿಮೆ ಲೆಕ್ಕದ ಪುಸ್ತಕಕ್ಕೆ ಕಾಣದು. ಬೆಳಗಿನ ಕಾಫಿಯಿಂದ ರಾತ್ರಿ ಬಾಗಿಲು ಹಾಕುವವರೆಗೆ ಗೃಹಿಣಿ ಮಾಡುವ ಕೆಲಸಕ್ಕೆ ಈ ಅಳತೆಗೋಲಿನಲ್ಲಿ ಸೊನ್ನೆ.

ಏಣಿಯ ಮೆಟ್ಟಿಲು

ವರಮಾನವನ್ನು ನೋಡಿ ಫಲವಿಲ್ಲವೆಂದರೆ ಜನರನ್ನೇ ಕೇಳಿಬಿಡುವುದು ಉಳಿದ ದಾರಿ. ಹ್ಯಾಡ್ಲಿ ಕ್ಯಾಂಟ್ರಿಲ್ ಎಂಬ ಅಮೆರಿಕದ ಮನೋವಿಜ್ಞಾನಿ ಇದಕ್ಕೊಂದು ಸರಳ ಉಪಾಯ ಹೂಡಿದರು. ಎದುರಿಗಿರುವವನಿಗೆ ಒಂದು ಏಣಿಯ ಚಿತ್ರವನ್ನು ತೋರಿಸುವುದು. ತುತ್ತತುದಿಯ ಹತ್ತನೆಯ ಮೆಟ್ಟಿಲೆಂದರೆ ಅವನು ಕನಸಿನಲ್ಲಿ ಬಯಸುವ ಅತ್ಯುತ್ತಮ ಬಾಳು. ಬುಡದ ಸೊನ್ನೆಯೆಂದರೆ ಅವನು ಹೆದರುವ ಅತಿ ಕೆಟ್ಟ ಬಾಳು. “ಈಗ ನೀವು ಎಷ್ಟನೆಯ ಮೆಟ್ಟಿಲಿನಲ್ಲಿದ್ದೀರಿ?” ಎಂಬುದೇ ಪ್ರಶ್ನೆ. ಅಕ್ಷರ ಬಾರದವನೂ ಬೆರಳಿಟ್ಟು ತೋರಿಸಬಹುದು.

ಕ್ಯಾಂಟ್ರಿಲ್ ತಮ್ಮ ಫಲಿತಾಂಶಗಳನ್ನು 1965ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಭಾರತದ ಸರಾಸರಿ ಮೆಟ್ಟಿಲು 3.7, ಅಮೆರಿಕದ್ದು 6.6. ಆದರೆ ಆ ಮೆಟ್ಟಿಲುಗಳ ಹಿಂದಿದ್ದ ಬಯಕೆಗಳು ಅಂಕಿಗಳಿಗಿಂತ ಹೆಚ್ಚು ಮಾತನಾಡುತ್ತವೆ. ಪರರ ಹೊಲದಲ್ಲಿ ಕೂಲಿಮಾಡುತ್ತಿದ್ದ ಭಾರತದ ಒಬ್ಬ ರೈತ ಕೇಳಿದ್ದು ಇಷ್ಟು: ಒಬ್ಬ ಮಗ, ತನ್ನದೇ ಆದ ತುಂಡು ನೆಲ, ಒಂದು ಮನೆ, ಹಾಲುತುಪ್ಪಕ್ಕೆ ಹಸು, ಹೆಂಡತಿಗೆ ಒಳ್ಳೆಯ ಬಟ್ಟೆ. ಅಮೆರಿಕದ ಒಬ್ಬನು ಕೇಳಿದ್ದರಲ್ಲಿ ಹೊಸ ಕಾರೂ ಒಂದು ದೋಣಿಯೂ ಮಕ್ಕಳಿಗೆ ಖಾಸಗಿ ಶಾಲೆಯೂ ಇದ್ದವು. ಇಬ್ಬರೂ ಒಂದೇ ಮೆಟ್ಟಿಲಿನ ಮೇಲೆ ಬೆರಳಿಟ್ಟರೂ ಇಬ್ಬರ ಏಣಿಯೂ ಒಂದೇ ಆಗಲಾರದು.

ಈ ಅಂಕಿಗಳನ್ನೂ ಇತರ ಸಮೀಕ್ಷೆಗಳನ್ನೂ ಮುಂದಿಟ್ಟುಕೊಂಡು ರಿಚರ್ಡ್ ಈಸ್ಟರ್‌ಲಿನ್ ಎಂಬ ಅರ್ಥಶಾಸ್ತ್ರಜ್ಞ 1974ರಲ್ಲಿ ಒಂದು ಒಗಟನ್ನು ಜಗತ್ತಿನ ಮುಂದಿಟ್ಟರು. ಯಾವ ದೇಶದಲ್ಲಿ ನೋಡಿದರೂ ಬಡವರಿಗಿಂತ ಹಣವಂತರು ತಮ್ಮನ್ನು ಹೆಚ್ಚು ಸುಖಿಗಳೆಂದು ಹೇಳಿಕೊಳ್ಳುತ್ತಾರೆ. ಆದರೆ 1946ರಿಂದ 1970ರವರೆಗೆ ಅಮೆರಿಕದ ವರಮಾನ ಬೆಳೆದಷ್ಟು ಅಲ್ಲಿನ ಜನ ಹೇಳಿಕೊಳ್ಳುವ ಸುಖ ಬೆಳೆಯಲಿಲ್ಲ. ನೆರೆಮನೆಯವರ ಸಂಪತ್ತಿನೊಡನೆ ಹೋಲಿಸಿಕೊಂಡು ಮನುಷ್ಯ ತನ್ನ ಸುಖವನ್ನು ತೂಗುತ್ತಾನೆಂಬುದು ಈಸ್ಟರ್‌ಲಿನ್ ಕೊಟ್ಟ ಕಾರಣ. ಎಲ್ಲರ ಮನೆಗೂ ಮೋಟಾರು ಬಂದ ಮೇಲೆ ಮೋಟಾರಿನ ಹೆಮ್ಮೆ ಎಲ್ಲಿ? 2008ರಲ್ಲಿ ಬೆಟ್ಸಿ ಸ್ಟೀವನ್‌ಸನ್ ಮತ್ತು ಜಸ್ಟಿನ್ ವುಲ್ಫರ್ಸ್ ಇನ್ನೂ ಹೆಚ್ಚು ದೇಶಗಳ ಅಂಕಿಗಳಿಂದ ಇದನ್ನು ಅಲ್ಲಗಳೆದರು. ವಾದ ಇನ್ನೂ ಮುಗಿದಿಲ್ಲ.

ಕ್ಯಾಂಟ್ರಿಲರ ಏಣಿ ಮಾತ್ರ ಮೂಲೆಗೆ ಸೇರಲಿಲ್ಲ. 2012ರಿಂದ ಹೊರಬರುತ್ತಿರುವ ‘ಜಾಗತಿಕ ಸಂತೋಷ ವರದಿ’ ದೇಶಗಳಿಗೆ ಸ್ಥಾನ ಕೊಡುವುದು ಇದೇ ಪ್ರಶ್ನೆಗೆ ಬಂದ ಉತ್ತರಗಳಿಂದ. 2018ರಿಂದ 2025ರವರೆಗೆ ಪ್ರತಿವರ್ಷವೂ ಮೊದಲ ಸ್ಥಾನ ಫಿನ್ಲೆಂಡಿನದು. 2025ರ ಪಟ್ಟಿಯಲ್ಲಿ ಭಾರತ 118ನೆಯದು.

ಕೇಳುವ ಬಗೆ, ಹೇಳುವ ಬಗೆ

ಕೇಳಿ ತಿಳಿಯುವುದು ಸುಲಭವೆಂದು ತೋರಿದರೂ ಕೇಳುವುದರಲ್ಲಿ ನೂರು ಸೂಕ್ಷ್ಮಗಳಿವೆ. ಅಮೆರಿಕದಲ್ಲಿ ಗ್ಯಾಲಪ್ ಸಂಸ್ಥೆ 2008ರ ಜನವರಿಯಿಂದ ದಿನಕ್ಕೆ ಸಾವಿರ ಮಂದಿಯನ್ನು ದೂರವಾಣಿಯಲ್ಲಿ ಇದೇ ಏಣಿಯ ಪ್ರಶ್ನೆ ಕೇಳತೊಡಗಿತು. ಅರ್ಥಶಾಸ್ತ್ರಜ್ಞ ಆಂಗಸ್ ಡೀಟನ್ ಆ ಉತ್ತರಗಳನ್ನು ಪರಿಶೀಲಿಸಿದಾಗ ಒಂದು ಸೋಜಿಗ ಹೊರಬಿತ್ತು. ದೇಶದ ರಾಜಕೀಯದ ಬಗ್ಗೆ ಮೊದಲು ಕೇಳಿ, ಅನಂತರ ಏಣಿಯ ಪ್ರಶ್ನೆಯನ್ನು ಕೇಳಿದರೆ ಜನ ಗಣನೀಯವಾಗಿ ಕೆಳಗಿನ ಮೆಟ್ಟಿಲನ್ನು ಹೇಳುತ್ತಿದ್ದರು! ರಾಜಕಾರಣಿಗಳ ನೆನಪಾಗುತ್ತಲೇ ಬಾಳೇ ಸಪ್ಪೆಯೆನಿಸುತ್ತಿತ್ತೆಂದು ಕಾಣುತ್ತದೆ. ಬದುಕಿನಲ್ಲಿ ಏನೂ ಬದಲಾಗಿರಲಿಲ್ಲ, ಪ್ರಶ್ನೆಗಳ ಸರದಿ ಮಾತ್ರ ಬದಲಾಗಿತ್ತು.

ಮನುಷ್ಯ ತನ್ನ ಸ್ಥಿತಿಗೆ ಒಗ್ಗಿಕೊಳ್ಳುವ ಗುಣವೂ ಇಲ್ಲಿ ಗಮನಕ್ಕೆ ಬರತಕ್ಕದ್ದು. 1978ರಲ್ಲಿ ಫಿಲಿಪ್ ಬ್ರಿಕ್‌ಮನ್ ಮತ್ತು ಸಂಗಡಿಗರು ಲಾಟರಿಯಲ್ಲಿ ಭಾರಿ ಬಹುಮಾನ ಗೆದ್ದ 22 ಮಂದಿಯನ್ನೂ, ಅಪಘಾತದಿಂದ ಪಾರ್ಶ್ವವಾಯು ಬಡಿದಂತೆ ಅಂಗಸ್ವಾಧೀನ ಕಳೆದುಕೊಂಡ 29 ಮಂದಿಯನ್ನೂ, ಸಾಧಾರಣ ಜನರನ್ನೂ ಕಂಡು ಮಾತನಾಡಿಸಿದರು. ಸೊನ್ನೆಯಿಂದ ಐದರವರೆಗಿನ ಅಳತೆಯಲ್ಲಿ ಲಾಟರಿ ಗೆದ್ದವರ ಸುಖ 4. ಸಾಧಾರಣ ಜನರದ್ದು 3.82. ಅಷ್ಟು ಹಣ ಕೊಟ್ಟ ಲಾಭ ಇಷ್ಟೇ. ಮೇಲಾಗಿ, ಸ್ನೇಹಿತನೊಡನೆ ಹರಟೆ, ಬೆಳಗಿನ ಉಪಾಹಾರ ಇಂಥ ಸಣ್ಣ ಸಂತೋಷಗಳಲ್ಲಿ ಗೆದ್ದವರಿಗೆ ಉಳಿದವರಿಗಿಂತ ರುಚಿ ಕಡಿಮೆಯಾಗಿತ್ತು. ಅಂಗಸ್ವಾಧೀನ ಕಳೆದುಕೊಂಡವರ ಅಂಕ 2.96. ಅದು ಇತರರಿಗಿಂತ ಕಡಿಮೆಯೇ ಸರಿ. ಆದರೆ ನೋಡುವವರು ಊಹಿಸುವಷ್ಟು ಕೆಳಗಲ್ಲ, ಅಳತೆಯ ನಡುಭಾಗಕ್ಕಿಂತ ಮೇಲೆಯೇ.

ಒಟ್ಟು ಬಾಳನ್ನು ಒಮ್ಮೆಗೇ ತೂಗಿ ಹೇಳುವುದು ಕಷ್ಟವೆಂದು ಕಂಡ ಡೇನಿಯಲ್ ಕಾನೆಮನ್ ಇನ್ನೊಂದು ಮಾರ್ಗ ಹಿಡಿದರು. ನಿನ್ನೆಯ ದಿನವನ್ನು ತುಂಡುತುಂಡಾಗಿ ನೆನೆಸಿಕೊಂಡು, ಯಾವ ಹೊತ್ತಿನಲ್ಲಿ ಮನಸ್ಸು ಹೇಗಿತ್ತೆಂದು ಬರೆಯುವ ಕ್ರಮ ಅದು. 2004ರಲ್ಲಿ ಟೆಕ್ಸಾಸ್ ಪ್ರಾಂತದ 909 ಉದ್ಯೋಗಸ್ಥ ಮಹಿಳೆಯರು ಹೀಗೆ ಬರೆದುಕೊಟ್ಟರು. ಬಂಧುಮಿತ್ರರೊಡನೆ ಕಳೆದ ಹೊತ್ತು ಅತ್ಯಂತ ಸುಖದ ಹೊತ್ತುಗಳಲ್ಲೊಂದು. ಕೆಲಸಕ್ಕೆ ಹೋಗಿಬರುವ ಪ್ರಯಾಣದ ಹೊತ್ತು ಎಲ್ಲಕ್ಕಿಂತ ಕೆಳಗೆ. ಮಕ್ಕಳನ್ನು ನೋಡಿಕೊಳ್ಳುವ ಹೊತ್ತು ಅಡಿಗೆ ಮಾಡುವ ಹೊತ್ತಿಗಿಂತಲೂ ಕೆಳಗಿನ ಸ್ಥಾನ ಪಡೆಯಿತು. ಮಕ್ಕಳು ಬಾಳಿನ ಭಾಗ್ಯವೆಂದು ಹೇಳುವ ತಾಯಿಯೇ, ಸಂಜೆ ಆರು ಗಂಟೆಗೆ ಅವರ ಗಲಾಟೆಯ ನಡುವೆ ಬಳಲಿರುತ್ತಾಳೆ. ಎರಡೂ ನಿಜ. ಬಾಳಿನ ಬಗೆಗಿನ ತೀರ್ಮಾನವೂ ಆ ಹೊತ್ತಿನ ಅನುಭವವೂ ಬೇರೆಬೇರೆಯೆಂಬುದು ಇದರಿಂದ ಗೊತ್ತಾಗುವ ಸಂಗತಿ.

ಸಿಂಗೂರಿನ ವಿಧವೆಯರು

ಇಷ್ಟೆಲ್ಲ ತೊಡಕುಗಳಿದ್ದರೂ ಎಚ್ಚರದಿಂದ ಕೇಳಿದರೆ ಸತ್ಯ ಸಿಕ್ಕೀತೆಂದು ಹೇಳಬಹುದು. ಆದರೆ ಬಂಗಾಳದ ಒಂದು ಹಳೆಯ ದಾಖಲೆ ಆ ಭರವಸೆಯನ್ನು ಅಲುಗಿಸುತ್ತದೆ.

1943ರಲ್ಲಿ ಬಂಗಾಳವನ್ನು ಭೀಕರ ಕ್ಷಾಮ ಹಿಂಡಿತು. ಮರುವರ್ಷ ಕಲ್ಕತ್ತೆಯ ಅಖಿಲ ಭಾರತ ಆರೋಗ್ಯ ಮತ್ತು ಸಾರ್ವಜನಿಕ ಸ್ವಾಸ್ಥ್ಯ ಸಂಸ್ಥೆಯವರು ಸಮೀಪದ ಸಿಂಗೂರಿನಲ್ಲಿ ಮನೆಮನೆಗೆ ಹೋಗಿ ಜನರ ಆರೋಗ್ಯವನ್ನು ವಿಚಾರಿಸಿದರು. ಹೆಂಡತಿಯನ್ನು ಕಳೆದುಕೊಂಡ ಗಂಡಸರಲ್ಲಿ ನೂರಕ್ಕೆ 48.5 ಮಂದಿ ತಮಗೆ ಕಾಯಿಲೆಯೆಂದೋ ಮೈ ಸರಿಯಿಲ್ಲವೆಂದೋ ಹೇಳಿದರು. ಗಂಡನನ್ನು ಕಳೆದುಕೊಂಡ ಹೆಂಗಸರಲ್ಲಿ ಹಾಗೆ ಹೇಳಿದವರು ನೂರಕ್ಕೆ 2.5 ಮಾತ್ರ. ಸ್ಪಷ್ಟವಾದ ಕಾಯಿಲೆಯನ್ನು ಬಿಟ್ಟು, ‘ಮೈ ಅಷ್ಟೇನೂ ಸರಿಯಿಲ್ಲ’ ಎಂದವರನ್ನಷ್ಟೇ ಎಣಿಸಿದರೆ ಗಂಡಸರು ನೂರಕ್ಕೆ 45.6. ಹೆಂಗಸರು ಒಬ್ಬರೂ ಇಲ್ಲ.

ಅಮರ್ತ್ಯ ಸೇನ್ 1985ರ ತಮ್ಮ ಒಂದು ಗ್ರಂಥದಲ್ಲಿ ಈ ಅಂಕಿಗಳನ್ನು ಎತ್ತಿತೋರಿಸಿದರು. ಆ ಕಾಲದ ವಿಧವೆಯ ಬಾಳು ಹೇಗಿತ್ತೆಂಬುದನ್ನು ಭಾರತೀಯ ಓದುಗರಿಗೆ ವಿವರಿಸಬೇಕಾಗಿಲ್ಲ. ಒಪ್ಪೊತ್ತಿನ ಊಟ, ಮೂಲೆಯ ವಾಸ, ಮನೆಮಂದಿಯ ಎಲ್ಲ ಕೆಲಸ. ಕ್ಷಾಮ ಕಳೆದ ಮರುವರ್ಷ ಅಂಥವರಲ್ಲಿ ಒಬ್ಬಳಿಗೂ ಮೈ ಸರಿಯಿಲ್ಲದಿರಲಿಲ್ಲವೆಂದರೆ ನಂಬತಕ್ಕ ಮಾತೇ? ಅವರು ಸುಳ್ಳು ಹೇಳಿದರೆಂದಲ್ಲ. ತನ್ನ ಮೈಯ ನೋವು ಹೇಳಿಕೊಳ್ಳತಕ್ಕ ವಿಷಯವೆಂದು ಅವರಿಗೆ ಯಾರೂ ಕಲಿಸಿರಲಿಲ್ಲ. ಬಯಸುವುದನ್ನೇ ಬಿಟ್ಟವರಿಗೆ ಕೊರತೆ ತೋರುವುದಾದರೂ ಹೇಗೆ? ಆ ‘ಚೆನ್ನಾಗಿದ್ದೇನೆ’ ಎಂಬ ಉತ್ತರವನ್ನು ಸುಖದ ಲೆಕ್ಕಕ್ಕೆ ಬರೆದುಕೊಂಡರೆ, ಅತಿ ಹೆಚ್ಚು ಸಹಿಸಿದವರೇ ಅತಿ ಹೆಚ್ಚು ಸುಖಿಗಳೆಂದಾಗುತ್ತದೆ.

2002ರಲ್ಲಿ ಸೇನರು ಇದೇ ಬಗೆಯ ಇನ್ನೊಂದು ಹೋಲಿಕೆಯನ್ನು ಮುಂದಿಟ್ಟರು. ಭಾರತದಲ್ಲಿ ಜನರ ಆಯುಸ್ಸು ಹೆಚ್ಚಾಗಿದ್ದ ಕೇರಳದಲ್ಲೇ ತಮಗೆ ಕಾಯಿಲೆಯೆಂದು ಹೇಳಿಕೊಳ್ಳುವವರೂ ಹೆಚ್ಚು. ಆಯುಸ್ಸು ಕಡಿಮೆಯಿದ್ದ ಬಿಹಾರದಲ್ಲಿ ಹಾಗೆ ಹೇಳಿಕೊಳ್ಳುವವರು ಕಡಿಮೆ. ಓದುಬರಹ ಬಲ್ಲವರಿಗೆ, ಆಸ್ಪತ್ರೆ ಹತ್ತಿರವಿರುವವರಿಗೆ ಕಾಯಿಲೆಯನ್ನು ಕಾಯಿಲೆಯೆಂದು ಗುರುತಿಸುವುದು ಗೊತ್ತು. ಉಳಿದವರು ಅದನ್ನು ಹಣೆಬರಹವೆಂದುಕೊಳ್ಳುತ್ತಾರೆ.

ಕಣ್ಣಿನ ಸಾಕ್ಷಿ

ಆದ್ದರಿಂದಲೇ ಹೊರಗಿನಿಂದ ನೋಡಿ ಅಳೆಯತಕ್ಕ ಸಂಗತಿಗಳನ್ನು ಕೈಬಿಡುವಂತಿಲ್ಲ. ಮಾರಿಸ್ ಡೇವಿಡ್ ಮಾರಿಸ್ ಎಂಬ ಅಮೆರಿಕದ ವಿದ್ವಾಂಸರು 1979ರಲ್ಲಿ ಮೂರೇ ಸಂಗತಿಗಳಿಂದ ಜೀವನದ ಗುಣಮಟ್ಟದ ಸೂಚ್ಯಂಕವೊಂದನ್ನು ಕಟ್ಟಿದರು. ಎಷ್ಟು ಶಿಶುಗಳು ವರ್ಷ ತುಂಬುವ ಮೊದಲೇ ಸಾಯುತ್ತವೆ, ಒಂದು ವರ್ಷ ದಾಟಿದ ಮಗು ಇನ್ನೆಷ್ಟು ವರ್ಷ ಬಾಳೀತು, ಎಷ್ಟು ಜನರಿಗೆ ಓದುಬರಹ ಬರುತ್ತದೆ ಎಂಬುವೇ ಆ ಮೂರು. ಹಣದ ಮಾತೇ ಅದರಲ್ಲಿಲ್ಲ. ವರಮಾನದಲ್ಲಿ ಬಡವಾಗಿದ್ದ ಶ್ರೀಲಂಕವೂ ಕೇರಳವೂ ಆ ಅಳತೆಯಲ್ಲಿ ಮೇಲಕ್ಕೆ ಬಂದವು.

1990ರಲ್ಲಿ ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್ ಅವರ ನೇತೃತ್ವದಲ್ಲಿ ವಿಶ್ವಸಂಸ್ಥೆಯ ಮೊದಲ ಮಾನವ ಅಭಿವೃದ್ಧಿ ವರದಿ ಹೊರಬಂದಿತು. ಆಯುಸ್ಸು, ವಿದ್ಯೆ, ವರಮಾನ ಮೂರನ್ನೂ ಬೆರೆಸಿ ಒಂದೇ ಅಂಕಿ ಮಾಡುವುದು ಹಕ್ ಅವರ ಯೋಜನೆ. ಕೇಂಬ್ರಿಜ್‌ನಲ್ಲಿ ಅವರ ಸಹಪಾಠಿಯಾಗಿದ್ದ ಸೇನರಿಗೆ ಮೊದಲು ಇದು ಹಿಡಿಸಲಿಲ್ಲ. ಮನುಷ್ಯನ ಬಾಳನ್ನು ಒಂದು ಅಂಕಿಗೆ ಇಳಿಸುವುದು ಒರಟು ಕೆಲಸವೆಂದರು. ವರಮಾನದ ಅಂಕಿಯೂ ಅಷ್ಟೇ ಒರಟು, ಅದನ್ನು ಪಕ್ಕಕ್ಕೆ ಸರಿಸಬೇಕಾದರೆ ಅದರಂತೆಯೇ ಒಂದೇ ಅಂಕಿ ಬೇಕು, ಆದರೆ ಅದರಷ್ಟು ಕುರುಡಾಗಿರಬಾರದು ಎಂಬುದು ಹಕ್ ಅವರ ಉತ್ತರ. ಸೇನರು ಒಪ್ಪಿ ಕೈಗೂಡಿಸಿದರು.

ಇಂಥ ಅಂಕಿಗಳ ಬಲ ಕರ್ನಾಟಕಕ್ಕೆ ಚೆನ್ನಾಗಿ ಗೊತ್ತು. ಪ್ರೊ. ಡಿ. ಎಂ. ನಂಜುಂಡಪ್ಪನವರ ಸಮಿತಿ 35 ಸೂಚಕಗಳನ್ನಿಟ್ಟುಕೊಂಡು ಆಗಿನ 175 ತಾಲ್ಲೂಕುಗಳನ್ನೂ ಅಳೆದು 2002ರಲ್ಲಿ ವರದಿ ಸಲ್ಲಿಸಿತು. ಹಿಂದುಳಿದವು 114, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 26 ಉತ್ತರ ಕರ್ನಾಟಕದವು. 2005ರಲ್ಲಿ ಪ್ರಕಟವಾದ ರಾಜ್ಯದ ಮಾನವ ಅಭಿವೃದ್ಧಿ ವರದಿಯಲ್ಲಿ ಬೆಂಗಳೂರು ನಗರ ಜಿಲ್ಲೆ ಮೊದಲನೆಯದು, ರಾಯಚೂರು ಕೊನೆಯದು. ಉತ್ತರದ ಜನ ಬಹುಕಾಲದಿಂದ ಆಡುತ್ತಿದ್ದ ಮಾತು ಅಂಕಿಗಳಲ್ಲಿ ಬಂದಾಗ ತಳ್ಳಿಹಾಕಲು ಬರಲಿಲ್ಲ. ಆ ತಾಲ್ಲೂಕುಗಳಿಗಾಗಿ ರಾಜ್ಯ ಸರಕಾರ ವಿಶೇಷ ಅಭಿವೃದ್ಧಿ ಯೋಜನೆ ಹಾಕಿದ್ದು ಆ ವರದಿಯ ಆಧಾರದ ಮೇಲೆ.

ಆದರೆ ಕಣ್ಣೂ ಮೋಸಹೋಗುತ್ತದೆ. ರಾಬರ್ಟ್ ಬಿಸ್ವಾಸ್–ಡೀನರ್ ಮತ್ತು ಅವರ ತಂದೆ ಎಡ್ ಡೀನರ್ ಕಲ್ಕತ್ತೆಯ ಕೊಳಚೆಪ್ರದೇಶದ ನಿವಾಸಿಗಳು, ಪಾದಚಾರಿ ಮಾರ್ಗದಲ್ಲೇ ಮಲಗುವವರು, ಮೈಮಾರಿ ಜೀವಿಸುವ ಹೆಂಗಸರು ಹೀಗೆ 83 ಮಂದಿಯನ್ನು ಮಾತನಾಡಿಸಿ 2001ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಟ್ಟು ಬಾಳಿನ ಬಗ್ಗೆ ಅವರ ತೃಪ್ತಿ ನಡುಗೆರೆಗಿಂತ ತುಸು ಕೆಳಗಿತ್ತು. ಆದರೆ ಕುಟುಂಬ, ಸ್ನೇಹಿತರು, ತಮ್ಮ ನಡತೆ ಇವುಗಳ ಬಗ್ಗೆ ಕೇಳಿದಾಗ ತೃಪ್ತಿ ನಡುಗೆರೆಯನ್ನು ದಾಟಿತು. ಬಡತನ ಸುಖಕರವೆಂದು ಇದರ ಅರ್ಥವಲ್ಲ. ಹಾಗೆ ಹೇಳುವುದು ಉಂಡವರ ಮಾತಾದೀತು. ಬಡವನ ಬಾಳಿನಲ್ಲಿ ಬಡತನವೊಂದೇ ಇದೆಯೆಂದು ದೂರದಿಂದ ನಿರ್ಧರಿಸುವುದೂ ತಪ್ಪೆಂದಷ್ಟೇ ಇದರ ಅರ್ಥ.

ಎರಡೂ ಸೇರಿದಾಗ

ಕಿವಿಯೂ ಕಣ್ಣೂ ಕೂಡಿ ಕೆಲಸ ಮಾಡುವ ಪ್ರಯತ್ನ ಹಿಮಾಲಯದ ಮಡಿಲಿನ ಭೂತಾನದಲ್ಲಿ ನಡೆಯಿತು. ಅಲ್ಲಿನ ನಾಲ್ಕನೆಯ ದೊರೆ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್ ಒಟ್ಟು ರಾಷ್ಟ್ರೀಯ ಉತ್ಪನ್ನಕ್ಕಿಂತ ಒಟ್ಟು ರಾಷ್ಟ್ರೀಯ ಸಂತೋಷ ಮುಖ್ಯವೆಂಬ ಮಾತನ್ನು 1970ರ ದಶಕದಲ್ಲಿ ಬಳಕೆಗೆ ತಂದರು. 2010ರಲ್ಲಿ ಆ ಮಾತಿಗೊಂದು ಅಳತೆಯೂ ಬಂದಿತು. 7,142 ಮಂದಿಯ ಸಂದರ್ಶನ, ಒಂಬತ್ತು ವಿಭಾಗ, 33 ಸೂಚಕ. ‘ಸಂತೋಷವಾಗಿದ್ದೀರಾ?’ ಎಂದಷ್ಟೇ ಕೇಳಿ ಬಿಡಲಿಲ್ಲ. ದಿನಕ್ಕೆ ಎಷ್ಟು ಗಂಟೆ ದುಡಿಮೆ, ಎಷ್ಟು ಗಂಟೆ ನಿದ್ರೆ, ಮನೆಗೆ ವಿದ್ಯುತ್ತಿದೆಯೇ, ನೆರೆಯವರ ಮೇಲೆ ನಂಬಿಕೆಯಿದೆಯೇ ಇವೆಲ್ಲ ಲೆಕ್ಕಕ್ಕೆ ಬಂದವು. ಗಂಡಸರಲ್ಲಿ ಸುಮಾರು ಅರ್ಧದಷ್ಟು ಮಂದಿ ಸುಖಿಗಳೆಂದು ಎಣಿಕೆಯಾದರೆ, ಹೆಂಗಸರಲ್ಲಿ ಮೂರನೆಯ ಒಂದು ಭಾಗ ಮಾತ್ರ. ಸಂತೋಷದ ನಾಡೆಂದು ಹೆಸರಾದ ದೇಶ ತನ್ನ ಅಳತೆಗೋಲಿನಿಂದಲೇ ತನ್ನ ಈ ಕೊರತೆಯನ್ನು ಕಂಡುಕೊಂಡಿತು.

ವೈದ್ಯಕೀಯದಲ್ಲೂ ಇದೇ ದಾರಿ ತೆರೆಯಿತು. ಆರೋಗ್ಯವೆಂದರೆ ರೋಗವಿಲ್ಲದಿರುವುದಷ್ಟೇ ಅಲ್ಲ, ದೇಹ, ಮನಸ್ಸು, ಸಮಾಜಜೀವನ ಮೂರರ ಕ್ಷೇಮವೆಂದು ವಿಶ್ವ ಆರೋಗ್ಯ ಸಂಸ್ಥೆಯ 1948ರ ಸಂವಿಧಾನವೇ ಹೇಳಿತ್ತು. 1990ರ ದಶಕದಲ್ಲಿ ಆ ಸಂಸ್ಥೆ ಜೀವನದ ಗುಣಮಟ್ಟಕ್ಕೊಂದು ಪ್ರಶ್ನಾವಳಿಯನ್ನು ಸಿದ್ಧಪಡಿಸಿತು. ಒಂದು ದೇಶದಲ್ಲಿ ಬರೆದು ಉಳಿದ ಭಾಷೆಗಳಿಗೆ ಅನುವಾದಿಸುವ ಹಳೆಯ ಪದ್ಧತಿಯನ್ನು ಬಿಟ್ಟು, ಹಲವು ದೇಶಗಳ ಕೇಂದ್ರಗಳಲ್ಲಿ ರೋಗಿಗಳನ್ನೂ ಆರೋಗ್ಯವಂತರನ್ನೂ ವೈದ್ಯರನ್ನೂ ಕೂರಿಸಿ, ಚೆನ್ನಾಗಿ ಬಾಳುವುದೆಂದರೇನು ಎಂದು ಅವರ ಬಾಯಿಂದಲೇ ಕೇಳಿ ಪ್ರಶ್ನೆಗಳನ್ನು ಹೊಸೆದರು. ಆ ಕೇಂದ್ರಗಳಲ್ಲಿ ಮದರಾಸೂ ಹೊಸದಿಲ್ಲಿಯೂ ಇದ್ದವು. ಅದರ 26 ಪ್ರಶ್ನೆಗಳ ಚಿಕ್ಕ ರೂಪ ಕಳೆದ ಎರಡು ವಾರಗಳ ನೋವು, ನಿದ್ರೆ, ಕೈಯಲ್ಲಿನ ಹಣ, ಸ್ನೇಹಿತರ ಆಸರೆ ಇವನ್ನು ಬಿಡಿಬಿಡಿಯಾಗಿ ವಿಚಾರಿಸುತ್ತದೆ. ಇಬ್ಬರು ರೋಗಿಗಳ ರಕ್ತಪರೀಕ್ಷೆಯ ಫಲ ಒಂದೇ ಆಗಿರಬಹುದು. ಒಬ್ಬನು ಮೊಮ್ಮಗನ ಕೈಹಿಡಿದು ಸಂಜೆ ತಿರುಗಾಡುತ್ತಾನೆ, ಇನ್ನೊಬ್ಬನು ಗೋಡೆಯ ಕಡೆ ಮುಖಮಾಡಿ ಮಲಗಿರುತ್ತಾನೆ. ಪರೀಕ್ಷೆಯ ಚೀಟಿಗೆ ತಿಳಿಯದ ಈ ವ್ಯತ್ಯಾಸವನ್ನು ಪ್ರಶ್ನಾವಳಿ ಹಿಡಿಯಬಲ್ಲುದು.

ಈ ವಿದ್ವಾಂಸರೆಲ್ಲರ ಶ್ರಮದಿಂದ ದೊರೆತ ವಿವೇಕ ಒಂದು ಸಂಸಾರಕ್ಕೂ ಸಲ್ಲುತ್ತದೆ. ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಉಣ್ಣುವವಳೊಬ್ಬಳಿರುತ್ತಾಳೆ. “ನಿನಗೆ ಹೇಗಿದೆ?” ಎಂದು ಕೇಳಿದರೆ “ನನಗೇನಾಗಿದೆ, ಚೆನ್ನಾಗಿಯೇ ಇದ್ದೇನೆ” ಎನ್ನುತ್ತಾಳೆ. ಆ ಮಾತನ್ನು ಗೌರವದಿಂದ ಕೇಳಬೇಕು. ಕೇಳಿದ ಮೇಲೆ, ಅವಳ ತಟ್ಟೆಯಲ್ಲಿ ಏನು ಉಳಿದಿದೆ, ಅವಳು ಮಲಗುವುದು ಎಷ್ಟು ಗಂಟೆಗೆ, ವೈದ್ಯರ ಬಳಿಗೆ ಹೋಗಿ ಎಷ್ಟು ಕಾಲವಾಯಿತು ಎಂಬುದನ್ನೂ ನೋಡಬೇಕು. ‘ನಾವೆಲ್ಲರೂ ಕ್ಷೇಮ’ ಎಂಬ ಸಾಲನ್ನು ಓದಿದವರು ಕಾಗದವನ್ನು ಅಲ್ಲಿಗೇ ಮಡಿಸದೆ, ನಾಲ್ಕನೆಯ ಸಾಲಿನವರೆಗೂ ಓದುವುದು ಒಳ್ಳೆಯದು.